ಇಪ್ಪತ್ತಮೂರು ವರ್ಷ ತಡವಾಗಿ ಬಂದ ಸುದ್ದಿ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಲೇಖನವೊಂದು ಬೇಕು ಎಂದೊಡನೆ ನಮ್ಮ ಸೀಮೆಯವರ ಮನಸ್ಸು ಅಂಗಡಿಯ ಹೊಯ್ಸಳರ ಕಡೆಗೆ, ಕಳಸೇಶ್ವರನ ಸನ್ನಿಧಿಯ ಕಡೆಗೆ, ಇಲ್ಲವೇ ಬಾಬಾಬುಡನ್‌ಗಿರಿಗೆ ಬಂದ ಕಾಫಿ ಬೀಜದ ಕಥೆಯ ಕಡೆಗೆ ಹೊರಳುತ್ತದೆ. ಅವೆಲ್ಲ ಬರೆಯಬೇಕಾದ ವಿಷಯಗಳೇ, ಬರೆದವರೂ ಹಲವರಿದ್ದಾರೆ. ಈ ಲೇಖನದ ವಿಷಯ ಅಷ್ಟು ಹಳೆಯದಲ್ಲ. ನಮ್ಮ ಊರುಗಳ ಹಿರಿಯರು ರೇಡಿಯೋದ ಮುಂದೆ ಕುಳಿತು ಕೇಳಿದ ಯುದ್ಧವೊಂದರದ್ದು ಇದು. ಮೂಡಿಗೆರೆಯಿಂದ ಸಕಲೇಶಪುರ, ಶನಿವಾರಸಂತೆ, ಸೋಮವಾರಪೇಟೆ ದಾಟಿದರೆ ಸಿಗುವ ನೆರೆಯ ಕಾಫಿ ನಾಡು ಕೊಡಗಿನ ಒಬ್ಬ ತರುಣ ವಿಮಾನಚಾಲಕನ ಬದುಕು ಮತ್ತು ಸಾವಿನ ಕಥೆ ಇದು.

ಅವರ ಹೆಸರು ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರ ಮುಂಜಾವ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಡೆದ ದಾಳಿಗೆ ಹೋದವರು ಮರಳಿ ಬರಲಿಲ್ಲ. ಆಗ ಅವರಿಗೆ 32 ವರ್ಷ. ಅವರು ಅಂದು ಏನು ಮಾಡಿದರೆಂಬುದು ನಮ್ಮ ದೇಶಕ್ಕೆ ಬಹುಕಾಲ ತಿಳಿಯಲೇ ಇಲ್ಲ. ತಿಳಿದದ್ದು ಶತ್ರುವಿನ ಕಡೆಯಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಎಂದರೆ ಅವರು ಮಡಿದು 23 ವರ್ಷಗಳ ನಂತರ.

2025ರ ಆರಂಭದಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ನೋಡಿರಬಹುದು. ಅದು ಈ ಘಟನೆಯಿಂದಲೇ ಪ್ರೇರಣೆ ಪಡೆದದ್ದು. ಆದರೆ ಅಲ್ಲಿ ನಾಯಕನ ಹೆಸರು ಬೇರೆ. ಸಿನಿಮಾಕ್ಕೆ ಬೇಕಾದ ಸಂಗತಿಗಳೂ ಸೇರಿಕೊಂಡಿವೆ. ಚಿತ್ರ ನೋಡಿ ಬಂದ ಮಗು ‘ಇದು ನಿಜವಾಗಿ ನಡೆದದ್ದೇ ಸರ್?’ ಎಂದು ಕೇಳಿದರೆ ಹೇಳಲು ಒಂದು ಉತ್ತರ ನಮ್ಮ ಶಾಲೆಯ ಸಂಚಿಕೆಯಲ್ಲಿ ಇರಲಿ ಎಂಬುದೂ ಈ ಬರಹದ ಒಂದು ಉದ್ದೇಶ.

ಕೊಡಗಿನಿಂದ ಆಕಾಶಕ್ಕೆ

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ತಂದೆ ಡಾಕ್ಟರ್ ಬೋಪಯ್ಯನವರು. ಕೊಡವರಲ್ಲಿ ಒಕ್ಕದ ಹೆಸರು ಮೊದಲು ಬರುತ್ತದೆ. ‘ಅಜ್ಜಮಾಡ’ ಎಂಬುದು ಅವರ ಒಕ್ಕದ ಮನೆಹೆಸರು. ಒಕ್ಕವೆಂದರೆ ಒಬ್ಬ ಮೂಲಪುರುಷನಿಂದ ಬೆಳೆದು ಬಂದ ದೊಡ್ಡ ಕುಟುಂಬ. ಗದ್ದೆ, ತೋಟ, ಐನ್‌ಮನೆ, ಬಂದೂಕು, ಹಿರಿಯರ ನೆನಪು ಎಲ್ಲವೂ ಆ ಹೆಸರಿನೊಂದಿಗೆ ಇರುತ್ತವೆ.

ಆ ಕಾಲದಲ್ಲಿ ಕೊಡಗಿನ ಹುಡುಗನೊಬ್ಬ ಸೈನ್ಯಕ್ಕೆ ಸೇರುವುದು ಹೊಸ ಸಂಗತಿಯೇನಲ್ಲ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಕೊಡಗಿನ ಕಾರ್ಯಪ್ಪನವರು. ಮುಂದೆ ಸೇನಾ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯನವರೂ ಅಲ್ಲಿಯವರೇ. ಆದರೆ ಅವರದು ನೆಲದ ಸೇನೆ. ವಿಮಾನ ಹಾರಿಸುವುದು ಅಂದಿಗೆ ಹೊಸ ವಿದ್ಯೆ. ಬೆಟ್ಟಗಳ ನಡುವಿನ ಪುಟ್ಟ ಸೀಮೆಯಿಂದ ಹೊರಟ ದೇವಯ್ಯನವರು ಆ ವಿದ್ಯೆಯನ್ನು ಆರಿಸಿಕೊಂಡರು. 1954ರಲ್ಲಿ ಅವರು ಭಾರತೀಯ ವಾಯುಪಡೆಯ ಚಾಲಕ ಅಧಿಕಾರಿಯಾದಾಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿತ್ತು. ಅದು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.

ವಾಯುಪಡೆಯ ಗೆಳೆಯರು ಅವರನ್ನು ಪ್ರೀತಿಯಿಂದ ‘ಟಬ್ಬಿ’ ಎಂದು ಕರೆಯುತ್ತಿದ್ದರು. ಮೈಕೈ ತುಂಬಿಕೊಂಡವರನ್ನು ಇಂಗ್ಲಿಷಿನಲ್ಲಿ ಸಲುಗೆಯಿಂದ ಹಾಗೆ ಕರೆಯುವುದುಂಟು. 1965ರ ಯುದ್ಧ ಆರಂಭವಾದಾಗ ಅವರು ವಾಯುಪಡೆಯ ಹಾರಾಟ ಕಾಲೇಜಿನಲ್ಲಿ ಬೋಧಕರಾಗಿದ್ದರು. ನಮ್ಮಂಥ ಉಪಾಧ್ಯಾಯರು ಗಮನಿಸಬೇಕಾದ ಮಾತು ಇದು. ಅವರೂ ಮೇಷ್ಟ್ರೇ, ಅವರ ತರಗತಿ ಮಾತ್ರ ಆಕಾಶದಲ್ಲಿತ್ತು. ಹೊಸಬರಿಗೆ ವಿಮಾನ ತಿರುಗಿಸುವುದನ್ನು, ಗಾಬರಿಯಾಗದೆ ಇಳಿಸುವುದನ್ನು ಕಲಿಸುತ್ತಿದ್ದರು. ಮನೆಯಲ್ಲಿ ಪತ್ನಿ, ಇಬ್ಬರು ಎಳೆಯ ಹೆಣ್ಣುಮಕ್ಕಳು. ಯುದ್ಧ ಬಂತು, ಅವರನ್ನು ‘ಟೈಗರ್ಸ್’ ಎಂಬ ಹೆಸರಿನ ಒಂದನೇ ಸ್ಕ್ವಾಡ್ರನ್ನಿಗೆ ಕಳುಹಿಸಲಾಯಿತು. ಆ ಸ್ಕ್ವಾಡ್ರನ್ ಪಂಜಾಬಿನ ಆದಂಪುರದಲ್ಲಿತ್ತು.

ಸೆಪ್ಟೆಂಬರಿನ ಆ ಒಂದು ವಾರ

ಯುದ್ಧ ಹೇಗೆ ಬೆಳೆಯಿತೆಂಬುದನ್ನು ಸಂಕ್ಷೇಪವಾಗಿ ನೋಡೋಣ. 1965ರ ಆಗಸ್ಟ್ ತಿಂಗಳಲ್ಲಿ ಪಾಕಿಸ್ತಾನ ಕಾಶ್ಮೀರದೊಳಕ್ಕೆ ನುಸುಳುಕೋರರನ್ನು ಕಳುಹಿಸಿತು. ಸೆಪ್ಟೆಂಬರ್ 1ರಂದು ಅದರ ಟ್ಯಾಂಕುಗಳು ಅಖ್ನೂರಿನ ಕಡೆಗೆ ನುಗ್ಗಿದವು. ಅಂದು ಸಂಜೆ ನಮ್ಮ ವಾಯುಪಡೆ ಕಣಕ್ಕಿಳಿಯಿತು. ಸೆಪ್ಟೆಂಬರ್ 6ರಂದು ಭಾರತೀಯ ಸೇನೆ ಅಂತಾರಾಷ್ಟ್ರೀಯ ಗಡಿ ದಾಟಿ ಲಾಹೋರಿನ ದಿಕ್ಕಿಗೆ ಸಾಗಿತು. ಅದೇ ದಿನ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್, ಹಲ್ವಾರಾ, ಆದಂಪುರ ನೆಲೆಗಳ ಮೇಲೆ ಎರಗಿದವು. ಪಠಾಣ್‌ಕೋಟಿನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳು ಸುಟ್ಟುಹೋದವು. ಮರುದಿನ ಬೆಳಗ್ಗೆಯೇ ಸರ್ಗೋಧಾದ ಮೇಲೆ ದಾಳಿ ಮಾಡುವುದೆಂದು ತೀರ್ಮಾನವಾಯಿತು.

ಸರ್ಗೋಧಾ ಪಾಕಿಸ್ತಾನ ವಾಯುಪಡೆಯ ಅತಿ ಮುಖ್ಯ ನೆಲೆ. ಆದಂಪುರದಿಂದ ಅಲ್ಲಿಗೆ ಸುಮಾರು 300 ಕಿಲೋಮೀಟರ್, ಹೆಚ್ಚುಕಡಿಮೆ ಕಳಸದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋಗುವಷ್ಟು ದೂರ. ನಮ್ಮವರ ಬಳಿ ಇದ್ದದ್ದು ‘ಮಿಸ್ಟೇರ್’ ಎಂಬ ಫ್ರೆಂಚ್ ವಿಮಾನ. ಭಾರತ ಅದನ್ನು 1957ರಿಂದ ತರಿಸಿಕೊಂಡಿತ್ತು. ನೆಲದ ಗುರಿಗಳ ಮೇಲೆ ಬಾಂಬು, ರಾಕೆಟ್ ಹಾಕಲು ಅದು ಗಟ್ಟಿಮುಟ್ಟಾದ ವಿಮಾನ. ಆದರೆ ಅಷ್ಟು ದೂರ ತಗ್ಗಿನಲ್ಲಿ ಹಾರಿ, ಬಾಂಬು ಹಾಕಿ, ಮತ್ತೆ ಅಷ್ಟೇ ದೂರ ಮರಳಬೇಕೆಂದರೆ ಇಂಧನ ಲೆಕ್ಕಕ್ಕೆ ಲೆಕ್ಕ. ದಾರಿಯಲ್ಲಿ ಯಾರೊಂದಿಗಾದರೂ ಕಾದಾಡುತ್ತ ನಿಂತರೆ ಮನೆ ಸೇರುವಷ್ಟು ಇಂಧನ ಉಳಿಯುವುದೇ ಅನುಮಾನ. ಹೀಗಾಗಿ ದಾಳಿಗೆ ಹೋಗುವವರ ಲೆಕ್ಕಾಚಾರ ಸರಳ: ಹೋಗು, ಹಾಕು, ತಿರುಗಿ ಬಾ.

ಸೆಪ್ಟೆಂಬರ್ 7, ಮಂಗಳವಾರ. ಇನ್ನೂ ಕತ್ತಲಿದ್ದಾಗಲೇ, ಬೆಳಗಿನ ಸುಮಾರು ಐದೂವರೆಗೆ, ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ಮುಂದಾಳ್ತನದಲ್ಲಿ ಹನ್ನೆರಡು ಮಿಸ್ಟೇರ್‌ಗಳ ದಾಳಿ ತಂಡ ಆದಂಪುರದಿಂದ ಹೊರಟಿತು. ದೇವಯ್ಯನವರ ಹೆಸರು ಆ ಹನ್ನೆರಡರ ಪಟ್ಟಿಯಲ್ಲಿ ಇರಲಿಲ್ಲ. ಅವರು ಮೀಸಲು ಚಾಲಕ. ಯಾರಾದರೂ ಹೊರಡಲಾಗದಿದ್ದರೆ ಮಾತ್ರ ಅವರ ಸರದಿ. ತಂಡದ ಒಂದು ವಿಮಾನ ಹಿಂದುಳಿಯಿತು. ತೆರವಾದ ಜಾಗಕ್ಕೆ ದೇವಯ್ಯ ಸೇರಿಕೊಂಡರು.

ರಾಡಾರ್ ಕಣ್ಣಿಗೆ ಬೀಳದಂತೆ ನೆಲಕ್ಕೆ ತಾಗಿದಂತೆಯೇ ಹಾರಬೇಕು. ಪರಸ್ಪರ ರೇಡಿಯೋ ಮಾತಿಲ್ಲ. ಗಡಿಯಾರ, ದಿಕ್ಸೂಚಿ, ನಕ್ಷೆ, ಅರೆಬೆಳಕಿನಲ್ಲಿ ಕೆಳಗೆ ಸರಿಯುವ ನದಿ, ಕಾಲುವೆ, ರೈಲು ಹಳಿಗಳಷ್ಟೇ ದಾರಿಗುರುತು. ಆದರೂ ತಂಡ ಗುರಿ ಮುಟ್ಟಿತು. ಬೆಳಕು ಹರಿಯುವ ಹೊತ್ತಿಗೆ ಸರ್ಗೋಧಾದ ಮೇಲೆ ದಾಳಿ ಮುಗಿಸಿ ಎಲ್ಲರೂ ಪೂರ್ವಕ್ಕೆ ತಿರುಗಿದರು.

ಕುದುರೆಯೂ ಎತ್ತೂ ಎದುರಾದ ಹಾಗೆ

ಮುಂದೆ ನಡೆದದ್ದನ್ನು ತಿಳಿಯಬೇಕಾದರೆ ಎದುರಿಗೆ ಬಂದ ವಿಮಾನವನ್ನು ಸ್ವಲ್ಪ ಪರಿಚಯಿಸಿಕೊಳ್ಳಬೇಕು. ಅಮೆರಿಕ ಪಾಕಿಸ್ತಾನಕ್ಕೆ ಕೊಟ್ಟಿದ್ದ ‘ಎಫ್-104 ಸ್ಟಾರ್‌ಫೈಟರ್’ ಆ ಕಾಲಕ್ಕೆ ಜಗತ್ತಿನ ಅತಿ ವೇಗದ ಯುದ್ಧವಿಮಾನಗಳಲ್ಲಿ ಒಂದು. ಶಬ್ದದ ವೇಗದ ಎರಡರಷ್ಟು ವೇಗ ಅದರದ್ದು. ಮಿಸ್ಟೇರ್‌ನ ಗರಿಷ್ಠ ವೇಗ ಗಂಟೆಗೆ ಸುಮಾರು 1,100 ಕಿಲೋಮೀಟರ್. ಶಬ್ದದ ವೇಗಕ್ಕಿಂತ ಕಡಿಮೆ. ಸ್ಟಾರ್‌ಫೈಟರ್‌ಗೆ ಬಿಸಿಯನ್ನು ಹಿಂಬಾಲಿಸಿ ಹೋಗುವ ಸೈಡ್‌ವೈಂಡರ್ ಕ್ಷಿಪಣಿ ಇತ್ತು, ಆರು ನಳಿಕೆಗಳು ಸುತ್ತುತ್ತ ಗುಂಡು ಕಾರುವ ತೋಪು ಇತ್ತು. ಮಿಸ್ಟೇರ್‌ಗೆ ಇದ್ದದ್ದು 30 ಮಿಲಿಮೀಟರಿನ ಎರಡು ತೋಪುಗಳು.

ಒಂದೇ ಒಂದು ವಿಷಯದಲ್ಲಿ ಹಳೆಯ ವಿಮಾನಕ್ಕೆ ಅನುಕೂಲವಿತ್ತು. ಸ್ಟಾರ್‌ಫೈಟರ್‌ನ ರೆಕ್ಕೆಗಳು ಬಹಳ ಚಿಕ್ಕವು, ತೆಳ್ಳನೆಯವು. ನೇರ ಓಟಕ್ಕೆ ಅವು ಸರಿ. ಆದರೆ ವೇಗ ತಗ್ಗಿಸಿ ಬಿಗಿಯಾಗಿ ತಿರುಗಬೇಕಾದಾಗ ಆ ಪುಟ್ಟ ರೆಕ್ಕೆಗೆ ವಿಮಾನವನ್ನು ಎತ್ತಿಹಿಡಿಯುವ ಬಲ ಸಾಲದು. ಹೆದ್ದಾರಿಯಲ್ಲಿ ಓಡುವ ಕಾರು ನಮ್ಮ ತೋಟದ ತಿರುವುಗಳಲ್ಲಿ ಜೀಪಿಗೆ ಸೋಲುವ ಹಾಗೆ. ಎದುರಾಳಿ ವೇಗ ಕಡಿಮೆ ಮಾಡಿ ತಿರುಗಾಟದ ಕಾಳಗಕ್ಕೆ ಇಳಿದರೆ ಮಾತ್ರ ಮಿಸ್ಟೇರ್‌ಗೆ ಒಂದು ಅವಕಾಶ.

ಅಂದು ಸ್ಟಾರ್‌ಫೈಟರ್ ಹಾರಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಮರಳುತ್ತಿದ್ದ ನಮ್ಮ ವಿಮಾನಗಳ ಬೆನ್ನು ಹತ್ತಿ ಬಂದ ಅವರು ದೇವಯ್ಯನವರ ಮಿಸ್ಟೇರನ್ನು ಕಂಡರು. ಮೊದಲು ಕ್ಷಿಪಣಿ ಬಿಟ್ಟರು. ಅದು ಗುರಿ ತಪ್ಪಿತು. ಬಳಿಕ ತೋಪಿನಿಂದ ಹೊಡೆದರು, ಅದು ತಾಗಿತು. ಮಿಸ್ಟೇರ್ ಇನ್ನು ಉಳಿಯುವುದಿಲ್ಲವೆಂದು ತಿಳಿದು ಅವರು ಮುಂದಿನ ವಿಮಾನದತ್ತ ಹೊರಳಿದರು.

ಆ ಗಳಿಗೆಯಲ್ಲಿ ದೇವಯ್ಯನವರ ಮುಂದೆ ಇದ್ದ ದಾರಿಗಳನ್ನು ಯೋಚಿಸಿ. ಏಟು ತಿಂದ ವಿಮಾನದೊಂದಿಗೆ ಗಡಿಯತ್ತ ಓಡಬಹುದಿತ್ತು. ಪ್ಯಾರಾಚೂಟ್ ನಂಬಿ ಹೊರಜಿಗಿದು ಯುದ್ಧಕೈದಿಯಾಗಬಹುದಿತ್ತು. ಯಾವುದನ್ನು ಮಾಡಿದ್ದರೂ ಅವರನ್ನು ಯಾರೂ ಹಳಿಯುತ್ತಿರಲಿಲ್ಲ. ಆದರೆ ಅವರು ವಿಮಾನವನ್ನು ತಿರುಗಿಸಿದರು. ಗಾಯಗೊಂಡ ಮಿಸ್ಟೇರ್ ಸ್ಟಾರ್‌ಫೈಟರ್‌ನ ಮೇಲೆ ಬಿತ್ತು. ತಗ್ಗಿನಲ್ಲಿ, ಹೊಲಗಳ ಮೇಲೆ, ಎರಡೂ ವಿಮಾನಗಳು ಒಂದನ್ನೊಂದು ಸುತ್ತಿದವು. ತಿರುಗಾಟದ ಕಾಳಗದಲ್ಲಿ ವೇಗದ ವಿಮಾನಕ್ಕೆ ತನ್ನ ವೇಗ ಉಪಯೋಗಕ್ಕೆ ಬರಲಿಲ್ಲ. ದೇವಯ್ಯನವರ ಗುಂಡುಗಳು ತಾಗಿ ಸ್ಟಾರ್‌ಫೈಟರ್ ಕೆಟ್ಟಿತು. ಅಮ್ಜದ್ ಹುಸೇನ್ ಹೊರಜಿಗಿದು ಬದುಕಿಕೊಂಡರು. ಮಿಸ್ಟೇರ್ ಕೂಡ ಅಲ್ಲಿಯೇ ಬಿತ್ತು, ದೇವಯ್ಯನವರು ಉಳಿಯಲಿಲ್ಲ.

ಅವರ ಸಂಗಾತಿಗಳು ಆಗ ಪೂರ್ವದ ಕಡೆಗೆ ಹಾರುತ್ತಿದ್ದರು. ಹಿಂದೆ ಏನು ನಡೆಯಿತೆಂದು ಅವರಲ್ಲಿ ಒಬ್ಬರೂ ನೋಡಲಿಲ್ಲ.

‘ಕಾಣೆಯಾಗಿದ್ದಾರೆ’

ಆದಂಪುರದಲ್ಲಿ ವಿಮಾನಗಳು ಇಳಿದವು. ಎಣಿಸಿದರು. ದೇವಯ್ಯ ಬಂದಿರಲಿಲ್ಲ. ನೆಲದಿಂದ ಹೊಡೆದ ಗುಂಡು ತಾಗಿತೇ, ಇಂಧನ ಮುಗಿಯಿತೇ, ದಾರಿ ತಪ್ಪಿತೇ? ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ. ದಾಖಲೆಯಲ್ಲಿ ಬರೆದದ್ದು ‘ಕಾಣೆಯಾಗಿದ್ದಾರೆ’ ಎಂದು.

ಈ ಪದದ ಭಾರವನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಹೊಳೆ ದಾಟಲು ಹೋದವನು ಬಾರದಿದ್ದಾಗ ಮನೆಯವರು ಹೇಗೆ ದಿನಗಟ್ಟಲೆ ದಂಡೆಯಲ್ಲಿ ನಿಲ್ಲುತ್ತಾರೆಂಬುದನ್ನು ನಮ್ಮ ಭದ್ರಾ ತೀರದ ಊರುಗಳು ಕಂಡಿವೆ. ಸತ್ತರೆಂದು ಗೊತ್ತಾದರೆ ಅಳಬಹುದು, ತಿಥಿ ಮಾಡಬಹುದು. ಕಾಣೆಯಾದರೆಂದರೆ ಬಾಗಿಲು ಮುಚ್ಚುವ ಹಾಗಿಲ್ಲ, ತೆರೆದಿಡುವ ಹಾಗೂ ಇಲ್ಲ. ಯುದ್ಧಕೈದಿಯಾಗಿ ಎಲ್ಲಾದರೂ ಇದ್ದಾರೆಯೋ ಏನೋ ಎಂಬ ಆಸೆ ಒಂದು ಕಡೆ. ಬಂದವರೆಲ್ಲ ಬಂದರು, ಇವರೇಕೆ ಬರಲಿಲ್ಲ ಎಂಬ ಪ್ರಶ್ನೆ ಇನ್ನೊಂದು ಕಡೆ.

ಅದೇ ಯುದ್ಧದಲ್ಲಿ, ಸೆಪ್ಟೆಂಬರ್ 22ರಂದು, ಕಾರ್ಯಪ್ಪನವರ ಮಗ, ವಾಯುಪಡೆಯ ಕೆ. ಸಿ. ಕಾರ್ಯಪ್ಪನವರ ಹಂಟರ್ ವಿಮಾನವೂ ಉರುಳಿತು. ಅವರು ಸೆರೆಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲದಲ್ಲಿ ತಂದೆ ಕಾರ್ಯಪ್ಪನವರ ಪರಿಚಿತರು. ಮಗನನ್ನು ಬಿಡುಗಡೆ ಮಾಡಲು ಮುಂದಾದಾಗ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡವೆಂದು ತಂದೆ ತಿಳಿಸಿದ ಸಂಗತಿಯನ್ನು ನಾವು ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಆ ಮಗ ಮರಳಿ ಬಂದರು, ಏರ್ ಮಾರ್ಷಲ್ ಆದರು, ತಮ್ಮ ಕಥೆಯನ್ನು ತಾವೇ ಹೇಳಿದರು. ಅದೇ ತಿಂಗಳು, ಅದೇ ನಾಡಿನಿಂದ ಹೋದ ದೇವಯ್ಯನವರ ಕಥೆ ಹೇಳಲು ಯಾರೂ ಇರಲಿಲ್ಲ.

ಅಂದಿನ ದಿನಗಳು ಹಿರಿಯರಿಗೆ ನೆನಪಿರುತ್ತವೆ. ಕಾಫಿ ಕಾಯಿ ಬಲಿಯುವ ಕಾಲ. ಕೆಲವೇ ಮನೆಗಳಲ್ಲಿ ರೇಡಿಯೋ. ಪತ್ರಿಕೆ ಬಸ್ಸಿನಲ್ಲಿ ಬರಬೇಕು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ‘ಜೈ ಜವಾನ್, ಜೈ ಕಿಸಾನ್’ ಎಂದರು. ಸೋಮವಾರ ರಾತ್ರಿಯ ಊಟ ಬಿಡಿ ಎಂದು ಕೇಳಿಕೊಂಡರು. ದೇಶದ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚಲಿಲ್ಲ. ಸೆಪ್ಟೆಂಬರ್ 23ಕ್ಕೆ ಕದನವಿರಾಮವಾಯಿತು. ಪದಕಗಳ ಪಟ್ಟಿಗಳು ಬಂದವು. ದೇವಯ್ಯನವರ ಹೆಸರು ಅವುಗಳಲ್ಲಿ ಇರಲಿಲ್ಲ.

ಶತ್ರುವಿನ ಪುಸ್ತಕ

ಹದಿನಾಲ್ಕು ವರ್ಷ ಕಳೆದವು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1965ರ ವಾಯುಯುದ್ಧದ ಕುರಿತು ಪಾಕಿಸ್ತಾನ ವಾಯುಪಡೆಯ ಸಹಕಾರದಿಂದ ಒಂದು ಪುಸ್ತಕ ಬರೆದರು. ಪಾಕಿಸ್ತಾನದ ಪರವಾಗಿಯೇ ಹೆಚ್ಚು ವಾಲಿದ ಪುಸ್ತಕ ಅದು. ಆದರೆ ಅದರಲ್ಲಿ ಸರ್ಗೋಧಾದ ಆ ಬೆಳಗಿನ ವಿವರ ಇತ್ತು: ಸ್ಟಾರ್‌ಫೈಟರ್ ಒಂದು ಮಿಸ್ಟೇರ್‌ನೊಂದಿಗೆ ಕಾದಾಡಿ ಉರುಳಿತು, ಅದರ ಚಾಲಕ ಹೊರಜಿಗಿದರು ಎಂದು.

ನಮ್ಮ ಕಡೆಯವರು ಇದನ್ನು ಓದಿದಾಗ ಲೆಕ್ಕ ಹಾಕುವುದು ಕಷ್ಟವಾಗಲಿಲ್ಲ. ಆ ಬೆಳಗಿನ ದಾಳಿಯಿಂದ ಮರಳಿ ಬಂದ ಮಿಸ್ಟೇರ್ ಚಾಲಕರಲ್ಲಿ ಯಾರೂ ಸ್ಟಾರ್‌ಫೈಟರ್ ಉರುಳಿಸಿದೆನೆಂದು ಹೇಳಿರಲಿಲ್ಲ. ಹಾಗಾದರೆ ಅದನ್ನು ಉರುಳಿಸಿದವರು ಮರಳಿ ಬಾರದ ಒಬ್ಬರೇ. ವಾಯುಪಡೆಯ ಇತಿಹಾಸದ ಕೆಲಸ ಮಾಡುತ್ತಿದ್ದ ಏರ್ ಕಮಡೋರ್ ಪ್ರೀತಮ್ ಸಿಂಗ್ ಅವರು ಎರಡೂ ಕಡೆಯ ದಾಖಲೆಗಳನ್ನು ಹೊಂದಿಸಿ ನೋಡಿ ಇದನ್ನು ಖಚಿತಪಡಿಸಿದರು. ಅಂದು ದಾಳಿಯ ಮುಂದಾಳಾಗಿದ್ದ ತನೇಜಾ ಅವರು ತಮ್ಮ ಸಂಗಾತಿಗೆ ನ್ಯಾಯ ಸಿಗಬೇಕೆಂದು ಬರೆದರು. ಕೊನೆಗೆ 1988ರಲ್ಲಿ ಸರ್ಕಾರ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ನೀಡಿತು. ಪರಮವೀರ ಚಕ್ರದ ನಂತರದ ಎರಡನೆಯ ಅತ್ಯುನ್ನತ ಯುದ್ಧಪದಕ ಅದು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು. ತಂದೆ ಹೋದಾಗ ಎಳೆಯರಾಗಿದ್ದ ಮಕ್ಕಳು ಅಷ್ಟರಲ್ಲಿ ಬೆಳೆದು ದೊಡ್ಡವರಾಗಿದ್ದರು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಪಾಕಿಸ್ತಾನದಲ್ಲಿ ಸೆಪ್ಟೆಂಬರ್ 7ನ್ನು ವಾಯುಪಡೆಯ ದಿನವೆಂದು ಆಚರಿಸುತ್ತಾರೆ. ನಮ್ಮಲ್ಲಿ ಅದೇ ದಿನ ದೇವಯ್ಯನವರನ್ನು ನೆನೆಯುತ್ತಾರೆ. ಒಂದೇ ಆಕಾಶ, ಒಂದೇ ಬೆಳಗು, ಎರಡು ನೆನಪು. ಅಮ್ಜದ್ ಹುಸೇನ್ ತಾವು ಉರುಳಿದ್ದನ್ನು ಮುಚ್ಚಿಟ್ಟು ಸತ್ತಿದ್ದರೆ, ಆ ಕಡೆಯ ದಾಖಲೆ ಹೊರಬಾರದೇ ಇದ್ದಿದ್ದರೆ, ದೇವಯ್ಯ ಇಂದಿಗೂ ‘ಕಾಣೆಯಾದವರು’ ಮಾತ್ರ.

ಕೆನಡಾದ ಒಬ್ಬ ತರುಣ

ಇಂಥ ಕಥೆ ಇದೊಂದೇ ಅಲ್ಲ. ಸಾವಿರಾರು ಮೈಲಿ ದೂರದ ಕೆನಡಾದಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಕಥೆ ಇದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ.

ಆಂಡ್ರ್ಯೂ ಮೈನಾರ್ಸ್ಕಿ ಹುಟ್ಟಿದ್ದು 1916ರ ಅಕ್ಟೋಬರ್ 14ರಂದು, ಕೆನಡಾದ ವಿನಿಪೆಗ್ ನಗರದಲ್ಲಿ. ತಂದೆತಾಯಿ ಪೋಲೆಂಡಿನಿಂದ ಬಂದು ನೆಲೆಸಿದವರು. ಹದಿನಾರನೆಯ ವಯಸ್ಸಿಗೆ ತಂದೆ ತೀರಿಕೊಂಡರು. ಹುಡುಗ ತುಪ್ಪುಳು ಚರ್ಮದ ಕೆಲಸಕ್ಕೆ ಸೇರಿ ಮನೆಗೆ ಆಸರೆಯಾದ. 1941ರಲ್ಲಿ ಕೆನಡಾದ ವಾಯುಪಡೆಗೆ ಸೇರಿ, ಇಂಗ್ಲೆಂಡಿನಲ್ಲಿ 419ನೇ ಸ್ಕ್ವಾಡ್ರನ್ನಿನ ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ಬೆನ್ನಿನ ಮೇಲಿನ ಗುಮ್ಮಟದ ತೋಪುಗಾರನಾದ. ಏಳು ಮಂದಿ ಹಾರುವ ಆ ವಿಮಾನದ ಬಾಲದ ತುದಿಯ ಗುಮ್ಮಟದಲ್ಲಿ ಇನ್ನೊಬ್ಬ ತೋಪುಗಾರ ಇರುತ್ತಿದ್ದ. ಆತನೇ ಪ್ಯಾಟ್ ಬ್ರೋಫಿ, ಮೈನಾರ್ಸ್ಕಿಯ ಜೀವದ ಗೆಳೆಯ.

1944ರ ಜೂನ್ 12ರ ರಾತ್ರಿ ಫ್ರಾನ್ಸಿನ ಕಾಂಬ್ರೇ ಎಂಬಲ್ಲಿನ ರೈಲು ನಿಲ್ದಾಣದ ಮೇಲೆ ದಾಳಿಗೆ ಹೊರಟಾಗ ಜರ್ಮನ್ ವಿಮಾನ ಎರಗಿತು. ಒಂದು ಬದಿಯ ಎರಡೂ ಎಂಜಿನ್ ಕೆಟ್ಟವು, ಒಳಗೆ ಬೆಂಕಿ ಹತ್ತಿತು. ಎಲ್ಲರೂ ಹೊರಜಿಗಿಯಬೇಕೆಂದು ಕ್ಯಾಪ್ಟನ್ ಆಜ್ಞೆ ಮಾಡಿದರು. ಬಾಗಿಲ ಬಳಿ ಬಂದ ಮೈನಾರ್ಸ್ಕಿಗೆ ಬಾಲದ ಗುಮ್ಮಟದಲ್ಲಿ ಬ್ರೋಫಿ ಸಿಕ್ಕಿಕೊಂಡದ್ದು ಕಾಣಿಸಿತು. ಗುಮ್ಮಟ ತಿರುಗುತ್ತಿರಲಿಲ್ಲ. ಅವನು ಬೆಂಕಿಯ ನಡುವೆ ತೆವಳಿ ಹೋಗಿ ಕೊಡಲಿಯಿಂದ, ಕೊನೆಗೆ ಬರಿಗೈಯಿಂದ, ಅದನ್ನು ಒಡೆಯಲು ನೋಡಿದ. ಬಟ್ಟೆಗೆ ಬೆಂಕಿ ಹತ್ತಿತು. ಹೋಗು ಎಂದು ಬ್ರೋಫಿಯೇ ಕೈಬೀಸಿದ ಮೇಲೆ ಹಿಂದಕ್ಕೆ ಸರಿದ. ಬಾಗಿಲಲ್ಲಿ ನಿಂತು ಗೆಳೆಯನಿಗೆ ಸೆಲ್ಯೂಟ್ ಹೊಡೆದು ಉರಿಯುವ ಪ್ಯಾರಾಚೂಟಿನೊಂದಿಗೆ ಜಿಗಿದ. ನೆಲ ಮುಟ್ಟಿದಾಗ ಜೀವವಿತ್ತು. ಸುಟ್ಟ ಗಾಯಗಳಿಂದ ಸತ್ತ. ವಯಸ್ಸು 27.

ವಿಚಿತ್ರವೆಂದರೆ ಬ್ರೋಫಿ ಬದುಕಿದ. ವಿಮಾನ ನೆಲಕ್ಕೆ ಅಪ್ಪಳಿಸಿದಾಗ ಗುಮ್ಮಟ ಕಿತ್ತು ಬಂದು ಆತ ಹೊರಕ್ಕೆ ಎಸೆಯಲ್ಪಟ್ಟ. ಕತ್ತಲೆಯ ಆ ವಿಮಾನದೊಳಗೆ ಗೆಳೆಯ ಏನು ಮಾಡಿದನೆಂದು ಕಂಡವನು ಅವನೊಬ್ಬನೇ. ಅವನ ಹೇಳಿಕೆಯಿಂದಾಗಿ 1946ರ ಅಕ್ಟೋಬರಿನಲ್ಲಿ ಮೈನಾರ್ಸ್ಕಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಆ ಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಪಡೆಯ 55,000ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಇಂಥ ಕೆಲಸ ಮಾಡಿ, ಕಂಡವರೂ ಉಳಿಯದೆ ಹೋದವರು ಎಷ್ಟೋ. ಗೋರಿ ಕೂಡ ಇಲ್ಲದ 20,000ಕ್ಕೂ ಹೆಚ್ಚು ವಾಯುಯೋಧರ ಹೆಸರುಗಳನ್ನು ಲಂಡನ್ ಬಳಿಯ ರನ್ನಿಮೀಡ್ ಸ್ಮಾರಕದ ಗೋಡೆಗಳಲ್ಲಿ ಕೆತ್ತಿದ್ದಾರೆ.

ಮೈನಾರ್ಸ್ಕಿಯ ಕಥೆಯನ್ನು ಉಳಿಸಿದ್ದು ಗೆಳೆಯ. ದೇವಯ್ಯನವರ ಕಥೆಯನ್ನು ಉಳಿಸಿದ್ದು ಎದುರಾಳಿ. ಇಬ್ಬರ ಸಾಹಸಕ್ಕೂ ಒಬ್ಬೊಬ್ಬನೇ ಸಾಕ್ಷಿ.

ಕೋಲಾರದ ರನ್‌ವೇ, ಬೆಂಗಳೂರಿನ ಕಾರ್ಖಾನೆ

ಕೆನಡಾ ಎಲ್ಲಿ, ನಮ್ಮ ಕರ್ನಾಟಕ ಎಲ್ಲಿ ಎಂದು ಕೇಳಬಹುದು. ನಂಟು ಇದೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಜಪಾನೀಯರ ಮೇಲೆ ದಾಳಿ ಮಾಡುವ ಲಿಬರೇಟರ್ ಬಾಂಬರ್‌ಗಳ ತಂಡಗಳಿಗೆ ತರಬೇತಿ ಕೊಡುವ ಕೇಂದ್ರ ನಮ್ಮ ಕೋಲಾರದಲ್ಲಿತ್ತು. ಬ್ರಿಟಿಷರೊಂದಿಗೆ ಕೆನಡಾದ ಹುಡುಗರೂ ಅಲ್ಲಿಗೆ ಬಂದು ಕಲಿತರು. 1944ರ ನವೆಂಬರ್ 8ರಂದು 358ನೇ ಬಾಂಬರ್ ಸ್ಕ್ವಾಡ್ರನ್ ಹುಟ್ಟಿದ್ದೇ ಕೋಲಾರದಲ್ಲಿ. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಆಗ ಯುದ್ಧವಿಮಾನಗಳ ದುರಸ್ತಿ ಕೇಂದ್ರವಾಗಿತ್ತು.

ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಹಾಳುಗೆಡವಿ ಬಿಟ್ಟುಹೋದ ಲಿಬರೇಟರ್‌ಗಳನ್ನು ಬೆಂಗಳೂರಿನ ಅದೇ ಕಾರ್ಖಾನೆಯ ಕೆಲಸಗಾರರು ದುರಸ್ತಿ ಮಾಡಿ ಹಾರುವಂತೆ ಮಾಡಿದರು. 1948ರ ನವೆಂಬರಿನಲ್ಲಿ ಸ್ವತಂತ್ರ ಭಾರತದ ಭಾರೀ ಬಾಂಬರ್ ಸ್ಕ್ವಾಡ್ರನ್ ಆರಂಭವಾದದ್ದು ಆ ವಿಮಾನಗಳಿಂದ. ಅವು ಇಪ್ಪತ್ತು ವರ್ಷ ಹಾರಿದವು. 1968ರಲ್ಲಿ ನಮ್ಮ ವಾಯುಪಡೆಯ ಒಂದು ಲಿಬರೇಟರ್ ಕೆನಡಾಕ್ಕೆ ಹೋಯಿತು. ಇಂದಿಗೂ ಒಟ್ಟಾವಾದ ವಿಮಾನ ವಸ್ತುಸಂಗ್ರಹಾಲಯದಲ್ಲಿದೆ. ಕನ್ನಡ ನಾಡಿನ ಕಾರ್ಖಾನೆಯಲ್ಲಿ ಮರುಹುಟ್ಟು ಪಡೆದ ವಿಮಾನವೊಂದು, ಅಂಥ ವಿಮಾನಗಳಲ್ಲಿ ಹಾರಿದ ಕೆನಡಾದ ಹುಡುಗರ ನೆನಪಿಗೆ ಅವರದೇ ರಾಜಧಾನಿಯಲ್ಲಿ ನಿಂತಿದೆ.

ನಮ್ಮ ಕೆಲಸ

ಇಂದು ಮಡಿಕೇರಿಯ ಒಂದು ವೃತ್ತಕ್ಕೆ ದೇವಯ್ಯನವರ ಹೆಸರಿದೆ. ಅವರ ಪ್ರತಿಮೆ ಇದೆ. 2019ರ ಫೆಬ್ರವರಿ 25ರಂದು ದೆಹಲಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ದೇಶ ತಡವಾಗಿಯಾದರೂ ತನ್ನ ಸಾಲ ತೀರಿಸಿದೆ ಎಂದುಕೊಳ್ಳಬಹುದು. ಆದರೆ ಆ 23 ವರ್ಷಗಳನ್ನು ಆ ಮನೆಗೆ ಯಾರೂ ಮರಳಿ ಕೊಡಲಾರರು.

ಇತಿಹಾಸ ಕಲಿಸುವವನಾಗಿ ಈ ಕಥೆಯಿಂದ ಮಕ್ಕಳಿಗೆ ಮುಟ್ಟಿಸಬೇಕೆನಿಸುವ ಮಾತುಗಳು ಮೂರು. ಮೊದಲನೆಯದು, ಪದಕದ ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಸಾಹಸ ನಡೆಯಲಿಲ್ಲವೆಂದಲ್ಲ; ನೋಡಿದವರು ಇರಲಿಲ್ಲವೆಂದಷ್ಟೇ. ಎರಡನೆಯದು, ಸತ್ಯ ಬೇಕೆಂದರೆ ಎದುರು ಪಕ್ಷದ ಮಾತನ್ನೂ ಓದಬೇಕು. ನಮ್ಮ ದಾಖಲೆಯಷ್ಟೇ ಸಾಕೆಂದು ಕುಳಿತಿದ್ದರೆ ದೇವಯ್ಯನವರಿಗೆ ನ್ಯಾಯ ಸಿಗುತ್ತಿರಲಿಲ್ಲ. ಮೂರನೆಯದು, ಒಬ್ಬರು ಪಟ್ಟುಹಿಡಿದು ಬರೆಯದಿದ್ದರೆ ತಿಳಿದ ಸತ್ಯವೂ ಕಡತದಲ್ಲೇ ಉಳಿದುಬಿಡುತ್ತದೆ. ತನೇಜಾ ಅವರು ಬರೆದದ್ದರಿಂದ, ಪ್ರೀತಮ್ ಸಿಂಗ್ ಅವರು ಹುಡುಕಿದ್ದರಿಂದ, ಅದು ಹೊರಬಂತು.

ನಮ್ಮ ಹೋಬಳಿಯ ಊರುಗಳಿಂದ, ಲೈನ್ ಮನೆಗಳಿಂದಲೂ ಸೇನೆಗೆ, ಗಡಿ ಭದ್ರತಾ ಪಡೆಗೆ, ಮೀಸಲು ಪೊಲೀಸ್ ಪಡೆಗೆ ಹೋದವರಿದ್ದಾರೆ. ನಮ್ಮ ಶಾಲೆಯ ಬೆಂಚುಗಳ ಮೇಲೆ ಕುಳಿತು ಎದ್ದು ಹೋದವರೂ ಅವರಲ್ಲಿದ್ದಾರೆ. ಕೆಲವರು ನಿವೃತ್ತರಾಗಿ ಊರಿಗೆ ಬಂದು ತೋಟ ನೋಡಿಕೊಂಡಿದ್ದಾರೆ. ಮಾತಿಗೆ ಕುಳಿತರೆ ಹಿಮದ ಗಡಿಯ ಕಥೆ ಹೇಳುತ್ತಾರೆ, ಎದ್ದರೆ ಮರೆತುಬಿಡುತ್ತಾರೆ. ಅವರ ಕಥೆಗಳಿಗೂ ಒಬ್ಬೊಬ್ಬರೇ ಸಾಕ್ಷಿ, ಅವರೇ.

ಆದ್ದರಿಂದ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳಲ್ಲಿ, ಊರ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಸೇವಾ ಪುಸ್ತಕ, ಡಿಸ್ಚಾರ್ಜ್ ಪುಸ್ತಕ, ಗಡಿಯಿಂದ ಬಂದ ಇನ್‌ಲ್ಯಾಂಡ್ ಪತ್ರ, ಸಮವಸ್ತ್ರದ ಒಂದು ಹಳೆಯ ಫೋಟೋ ಇದ್ದರೆ ಅದರ ನಕಲನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಹೆಸರು, ಹುಟ್ಟಿದ ಊರು, ಸೇರಿದ ವರ್ಷ, ಇದ್ದ ಸ್ಥಳಗಳು ಇಷ್ಟಿದ್ದರೂ ಸಾಕು. ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳು ನಿಮ್ಮ ಮನೆಗೆ ಬಂದರೆ ಅರ್ಧ ಗಂಟೆ ಕುಳಿತು ಮಾತನಾಡಿ, ಅವರು ಬರೆದುಕೊಳ್ಳಲಿ. ಶಾಲೆ ಒಂದು ದಪ್ಪ ರಿಜಿಸ್ಟರ್ ತೆರೆದು ಅದನ್ನು ಹಾಜರಿ ಪುಸ್ತಕದಷ್ಟೇ ಜೋಪಾನವಾಗಿ ಇಡಲಿ. ಮೊದಲ ಪುಟದಲ್ಲಿ ನೆರೆಯ ನಾಡಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರಿರಲಿ. ಎರಡನೆಯ ಪುಟದಿಂದ ನಮ್ಮ ಊರಿನವರದು ಆರಂಭವಾಗಲಿ.